ಮೂರನೇ ಬೇಸಿನ ಬಳಿ ನಿಂತಿದ್ದ ಮಿಸ್

ಮಿಸ್ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಮ್ಮ ಹಳೆಯ ಸಾಫ್ಟ್‌ಬಾಲ್ ತಂಡದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಒಂದು ಫೋಟೋಗಾಗಿ ಹುಡುಕಾಡಿದೆವು. ಶ್ರದ್ಧಾಂಜಲಿಯ ಫ್ಲೆಕ್ಸ್‌ಗೆ ಬೇಕಿತ್ತು. ಸಿಕ್ಕಿದ್ದೇನೋ ಹತ್ತು ಹನ್ನೆರಡು. ಒಂದರಲ್ಲೂ ಮುಖ ನೆಟ್ಟಗಿಲ್ಲ. ಕೆಲವದರಲ್ಲಿ ಅಂಪೈರ್ ಮಾಸ್ಕ್ ಹಾಕಿಕೊಂಡಿದ್ದಾರೆ, ಕೆಲವದರಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದಾರೆ, ಒಂದರಲ್ಲಿ ಮಾತ್ರ ಮುಖ ಪೂರ್ತಿ ಕಾಣುತ್ತದೆ, ಆದರೆ ಯಾರಿಗೋ ಬೈಯುತ್ತಿರುವುದರಿಂದ ಬಾಯಿ ಸೊಟ್ಟಗಾಗಿದೆ. ಕೊನೆಗೆ ಅದನ್ನೇ ಕತ್ತರಿಸಿ ಹಾಕಿದೆವು. ನೋಡಿದವರೆಲ್ಲ ಮಿಸ್ ಇದ್ದದ್ದೇ ಹೀಗೆ ಎಂದರು. ಆ ಫೋಟೋದಲ್ಲಿ ಬೈಸಿಕೊಳ್ಳುತ್ತಿದ್ದವಳು ನಾನು. ಎಷ್ಟು ಕತ್ತರಿಸಿದರೂ ನನ್ನ ಒಂದು ಕಿವಿ ಫ್ಲೆಕ್ಸಿನ ಮೂಲೆಯಲ್ಲಿ ಉಳಿದುಹೋಯಿತು.

ಜಯನಗರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಟೀಚರ್. ತಿಪಟೂರಿನ ಕಡೆಯವರು. ಕಾಟನ್ ಸೀರೆ, ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಹಣೆಗೆ ಮೂರು ಬೆರಳಿನ ವಿಭೂತಿ. ಕೊರಳಿಗೆ ಎರಡು ದಾರ. ಒಂದರಲ್ಲಿ ಲಿಂಗದ ಕರಡಿಗೆ, ಇನ್ನೊಂದರಲ್ಲಿ ಸೀಟಿ. ಕೈ ಎರಡರಲ್ಲಿ ಯಾವುದರ ಕಡೆ ಹೋದರೂ ನಾವು ಸೆಟೆದು ನಿಲ್ಲುತ್ತಿದ್ದೆವು. ಅವರು ಅಂಪೈರ್ ಆಗಿ ನಿಂತ ಪಂದ್ಯ ಮುಗಿದ ಮೇಲೆ ಮಾಸ್ಕಿನ ಒಳಗಿನ ಮೆತ್ತೆಗೆ ವಿಭೂತಿ ಮೆತ್ತಿಕೊಂಡಿರುತ್ತಿತ್ತು. ಅದನ್ನು ಒರೆಸಿಡುವ ಕೆಲಸ ನಮ್ಮದು. ಪರೀಕ್ಷೆ ಇದ್ದ ದಿನಗಳಲ್ಲಿ ಕೆಲವರು ಅದನ್ನು ಒರೆಸದೆ ತಮ್ಮ ಹಣೆಗೇ ಹಚ್ಚಿಕೊಂಡದ್ದೂ ಉಂಟು.

ಯಾರನ್ನೂ ಅವರು ಹೆಸರು ಹಿಡಿದು ಕರೆದದ್ದಿಲ್ಲ. ಮನೆ ಎಲ್ಲಿದೆಯೋ ಅದೇ ಹೆಸರು. ‘ಏ ಯಡಿಯೂರು, ಮಂಡಿ ಬಗ್ಸು.’ ‘ಏ ಪದ್ಮನಾಭನಗರ, ನಿದ್ದೆ ಬಂತಾ?’ ನಾನು ಜೆ.ಪಿ. ನಗರದ ಒಳಗೆ ಸೇರಿಹೋಗಿರುವ ಹಳೆಯ ಹಳ್ಳಿಯವಳಾದ್ದರಿಂದ ನನ್ನ ಹೆಸರು ಸಾರಕ್ಕಿ. ಎಂಟನೇ ತರಗತಿಯ ನಡುವೆ ನಮ್ಮ ಗೆಳತಿಯೊಬ್ಬಳ ಮನೆ ಬದಲಾಯಿತು. ಮಿಸ್ ಎರಡು ದಿನ ಅವಳನ್ನು ಏನೆಂದು ಕರೆಯುವುದೆಂದು ತಿಳಿಯದೆ ಬರೀ ‘ಏ’ ಎನ್ನುತ್ತಿದ್ದರು.

ಈ ಊರಿನ ಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸುವುದೆಂದರೆ ಮೊದಲು ಅವರಿಗೆ ಗೊತ್ತಿರುವ ಕ್ರಿಕೆಟ್ಟನ್ನು ಬಿಡಿಸಬೇಕು. ನಾವೆಲ್ಲ ಗಲ್ಲಿಯಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವರು. ಚೆಂಡು ಬಾರಿಸಿದ ಕೂಡಲೇ ಬ್ಯಾಟ್ ಹಿಡಿದೇ ಓಡುತ್ತಿದ್ದೆವು. ಸಾಫ್ಟ್‌ಬಾಲಿನಲ್ಲಿ ಹೊಡೆದವಳು ಬ್ಯಾಟನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮೊದಲ ಬೇಸಿಗೆ, ಎಂದರೆ ನೆಲದ ಮೇಲಿಟ್ಟ ಮೆತ್ತೆಗೆ, ಓಡಬೇಕು. ನಾನು ಮೊದಲ ದಿನ ಬ್ಯಾಟ್ ಹಿಡಿದು ಓಡಿದೆ. ಮಿಸ್ ಬೈದರು. ಎರಡನೇ ಸಲವೂ ಓಡಿದೆ. ಮೂರನೇ ಸಲ ಬೇಸಿನ ಹತ್ತಿರ ಹೋಗಿ, ಕ್ರೀಸಿನಲ್ಲಿ ಊರುವ ಹಾಗೆ ಬ್ಯಾಟಿನ ತುದಿಯನ್ನು ಬೇಸಿಗೆ ಊರಿ ಹೆಮ್ಮೆಯಿಂದ ನಿಂತೆ. ಮಿಸ್ ನಿಧಾನವಾಗಿ ನಡೆದು ಬಂದರು.

‘ಬಿಡಕ್ಕೆ ಮನಸಿಲ್ವಾ? ಸರಿ ಹಾಗಾದ್ರೆ. ನಾಳೆ ಬೆಳಿಗ್ಗೆವರ್ಗೂ ಕೈಯಿಂದ ಕೆಳಗಿಡಂಗಿಲ್ಲ.’

ತಮಾಷೆಗೆ ಹೇಳಿದರೆಂದುಕೊಂಡೆ. ಅವರಿಗೆ ತಮಾಷೆ ಗೊತ್ತಿರಲಿಲ್ಲ. ಗಣಿತದ ಕ್ಲಾಸಿನಲ್ಲಿ ಬ್ಯಾಟ್ ತೊಡೆಯ ಮೇಲೆ, ಊಟದ ಹೊತ್ತಿನಲ್ಲಿ ಕಂಕುಳಲ್ಲಿ, ಸಂಜೆ ಬಸ್ಸಿನಲ್ಲಿ ಹೆಗಲ ಮೇಲೆ. ಕಂಡಕ್ಟರ್ ‘ಏನಮ್ಮಾ, ಯಾರನ್ನ ಹೊಡೆಯಕ್ಕೆ ಹೊರಟೆ?’ ಎಂದು ಕೇಳಿದಾಗ ಬಸ್ಸಿನ ತುಂಬ ನಗು. ಮರುದಿನದಿಂದ ಬ್ಯಾಟ್ ನನ್ನ ಕೈಯಲ್ಲಿ ಒಂದು ಕ್ಷಣ ಹೆಚ್ಚಿಗೆ ನಿಲ್ಲಲಿಲ್ಲ.

ಮೈದಾನಕ್ಕೆ ಗೆರೆ ಎಳೆಯಲು ಅವರು ಸುಣ್ಣದ ಪುಡಿ ಬಳಸುತ್ತಿರಲಿಲ್ಲ. ರಂಗೋಲಿ ಪುಡಿಯೇ ಆಗಬೇಕು, ಬೆರಳುಗಳ ನಡುವಿನಿಂದಲೇ ಬಿಡಬೇಕು. ಮನೆ ಮುಂದೆ ಅಷ್ಟು ಚೆನ್ನಾಗಿ ಎಳೆ ಎಳೆಯುವ ಹುಡುಗಿಯರಿಗೆ ಇಲ್ಲಿ ಯಾಕೆ ಸೊಟ್ಟಗಾಗಬೇಕು ಎಂಬುದು ಅವರ ವಾದ. ಬ್ಯಾಟ್ ಹಿಡಿದವಳು ನಿಲ್ಲುವ ಐದು ಮೂಲೆಯ ಹೋಮ್ ಪ್ಲೇಟು, ಅಲ್ಲಿಂದ ಬಲಕ್ಕೆ ಅರವತ್ತು ಅಡಿ ದೂರದಲ್ಲಿ ಫಸ್ಟ್ ಬೇಸ್, ಅಷ್ಟಷ್ಟೇ ದೂರಕ್ಕೆ ಸೆಕೆಂಡ್, ಥರ್ಡ್, ಮತ್ತೆ ಹೋಮ್. ನಾಲ್ಕೂ ಸೇರಿದರೆ ಮೂಲೆ ಮೇಲಾಗಿ ನಿಲ್ಲಿಸಿದ ಚೌಕ. ಒಂದು ಸುತ್ತು ಪೂರ್ತಿ ಬಂದು ಮನೆ ಮುಟ್ಟಿದರೆ ಒಂದು ರನ್. ನಮ್ಮ ಮಿಸ್ ಹೋಮ್ ಎನ್ನುತ್ತಲೇ ಇರಲಿಲ್ಲ. ‘ಮನೆಗೆ ಬಾರೇ, ಮನೆಗೆ ಬಾ’ ಎಂದು ಕೂಗುತ್ತಿದ್ದರು. ಆಚೆ ರಸ್ತೆಯಲ್ಲಿ ಹೋಗುವವರು ಯಾರೋ ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದಾರೆಂದು ತಿಳಿಯುತ್ತಿದ್ದರು.

ಉಳಿದ ನಿಯಮಗಳೂ ಹಾಗೆಯೇ ನಮ್ಮ ಮೈಗೆ ಹತ್ತಿದವು. ತಂಡಕ್ಕೆ ಒಂಬತ್ತು ಜನ, ಆಟಕ್ಕೆ ಏಳು ಇನಿಂಗ್ಸ್. ಮೂವರು ಔಟಾದರೆ ಬ್ಯಾಟಿಂಗ್ ಮುಗಿಯಿತು, ಗ್ಲವ್ ತೊಟ್ಟು ಫೀಲ್ಡಿಗೆ ನಡೆಯಬೇಕು. ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಚೆಂಡು ಪ್ಲೇಟಿನ ಮೇಲೆ, ಮಂಡಿಗೂ ಕಂಕುಳಿಗೂ ನಡುವೆ ಹಾದು ಬಂದರೆ ಸ್ಟ್ರೈಕ್. ಅದರಾಚೆ ಹೋದದ್ದಕ್ಕೆ ಬ್ಯಾಟ್ ಬೀಸದೆ ಬಿಟ್ಟರೆ ಬಾಲ್. ಮೂರು ಸ್ಟ್ರೈಕಿಗೆ ಔಟು, ನಾಲ್ಕು ಬಾಲಿಗೆ ಫಸ್ಟ್ ಬೇಸ್ ಪುಕ್ಕಟೆ. ಹೋಮಿನಿಂದ ಫಸ್ಟಿಗೂ ಥರ್ಡಿಗೂ ಎಳೆದ ಎರಡು ಗೆರೆಗಳ ಹೊರಗೆ ಬಿದ್ದ ಹೊಡೆತ ಫೌಲ್, ಹಿಂದಕ್ಕೆ ಸವರಿ ಬೌಂಡರಿ ಹೊಡೆಯುವ ಜಾಣತನ ಇಲ್ಲಿ ನಡೆಯದು. ಫಸ್ಟ್ ಬೇಸನ್ನು ಮುಟ್ಟಿ ಓಡಿದ ವೇಗದಲ್ಲೇ ದಾಟಿ ಹೋಗಬಹುದು, ಆದರೆ ಸೆಕೆಂಡ್, ಥರ್ಡ್ ದಾಟಿ ನಿಂತೆಯೋ, ಚೆಂಡು ಹಿಡಿದವಳು ಬಂದು ಅದನ್ನು ಮೈಗೆ ಮುಟ್ಟಿಸಿದರೆ ಔಟು. ಮತ್ತೆ, ಯಾವ ಬೇಸನ್ನೂ ಮುಟ್ಟದೆ ಮುಂದೆ ಹೋಗುವಂತಿಲ್ಲ.

ಕಲಿಸುವುದೆಲ್ಲ ಕಲಿಸುತ್ತಿದ್ದರು, ಪ್ರಶ್ನೆ ಮಾತ್ರ ಕೇಳುವಂತಿರಲಿಲ್ಲ. ಕೇಳಿದರೆ ಕಣ್ಣು ಬಿಡುತ್ತಿದ್ದರು. ಆ ಕಣ್ಣಿನ ಮುಂದೆ ನಮ್ಮ ಹೆಡ್‌ಮಿಸ್ಸೇ ಮಾತು ನುಂಗಿದ್ದನ್ನು ನಾನು ನೋಡಿದ್ದೇನೆ. ‘ಡೌಟ್ ಇದ್ರೆ ಮನೇಲಿ ನಿಮ್ಮಪ್ಪನ್ನ ಕೇಳು. ಗ್ರೌಂಡಲ್ಲಿ ನಾನು ಹೇಳಿದ್ದೇ’ ಎನ್ನುತ್ತಿದ್ದರು. ನಮ್ಮಪ್ಪ ವಿದ್ಯುತ್ ಇಲಾಖೆಯ ಲೈನ್‌ಮನ್. ಅವರಿಗೆ ಸಾಫ್ಟ್‌ಬಾಲ್ ಬಗ್ಗೆ ಗೊತ್ತಿದ್ದದ್ದು ಅದು ನನ್ನ ಚಪ್ಪಲಿ ಬೇಗ ಸವೆಸುತ್ತದೆ ಎಂಬುದಷ್ಟೇ.

ಹತ್ತನೇ ತರಗತಿಯ ಶುರುವಿನಲ್ಲಿ ಒಂದು ಸಂಜೆ ಮಿಸ್ ನಮ್ಮ ಮನೆಗೆ ಬಂದರು. ನಮ್ಮದು ಎರಡು ಕೋಣೆಯ ಮನೆ, ಗೋಡೆಯಲ್ಲಿ ಬುದ್ಧನ ಪಟ, ಬಾಗಿಲಿಗೆ ನೀಲಿ ಬಣ್ಣ. ನಮ್ಮ ಬೀದಿಗೆ ಬರುತ್ತಿದ್ದ ಟೀಚರುಗಳು ಸಾಮಾನ್ಯವಾಗಿ ಹೊರಗೇ ನಿಂತು ಮಾತಾಡಿ ಹೋಗುತ್ತಿದ್ದರು. ವಿಭೂತಿ ಧರಿಸಿದ ಹೆಂಗಸಿಗೆ ಕಾಫಿ ಕೊಡಲೋ ಬೇಡವೋ ಎಂದು ಅಮ್ಮ ಅನುಮಾನಿಸುತ್ತ ನಿಂತಿದ್ದಳು. ಮಿಸ್ ಶೂ ಬಿಚ್ಚಿ ನೇರ ಒಳಗೆ ಬಂದು, ಚಾಪೆಯ ಮೇಲೆ ಕೂತು, ‘ಕಾಫಿಗೆ ಸಕ್ಕರೆ ಕಡಿಮೆ ಹಾಕಮ್ಮ, ನಂಗೆ ಶುಗರ್ ಇದೆ’ ಎಂದರು. ಅಮ್ಮ ಈಗಲೂ ಆ ದಿನದ ಮಾತು ಬಂದರೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾಳೆ.

ಅವರು ಬಂದದ್ದು ನನ್ನ ಓದಿನ ಬಗ್ಗೆ ಮಾತಾಡಲು. ನನ್ನ ಅಂಕಗಳಿಗೆ ಒಳ್ಳೆಯ ಕಾಲೇಜು ಸಿಗುವಂತಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ತಾನು ಹೋಗುವ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ನನ್ನನ್ನೂ ಸೇರಿಸುವುದೆಂದು ಅಮ್ಮ ಮಾತಾಡಿಯೂ ಆಗಿತ್ತು. ಮಿಸ್ ಹೇಳಿದ್ದು ಇಷ್ಟು. ವಲಯದ ಫೈನಲ್ ಗೆದ್ದ ಶಾಲೆಯಿಂದಲೇ ಜಿಲ್ಲಾ ತಂಡಕ್ಕೆ ಹೆಚ್ಚು ಹುಡುಗಿಯರನ್ನು ಆರಿಸುತ್ತಾರೆ. ಜಿಲ್ಲಾ ತಂಡದಲ್ಲಿ ಆಡಿದ ಸರ್ಟಿಫಿಕೇಟ್ ಇದ್ದರೆ ಜಯನಗರದಲ್ಲೇ ಕ್ರೀಡಾ ಕೋಟಾದಲ್ಲಿ ಪಿಯುಸಿ ಸೀಟು ಸಿಗುತ್ತದೆ.

‘ಇವಳು ಓಡ್ತಾಳೆ. ಓಡೋವರ್ಗೂ ಓಡ್ಲಿ ಬಿಡಿ’ ಎಂದರು ಅಪ್ಪನಿಗೆ. ಅಪ್ಪ ಸರಿ ಎಂದರು, ಅಮ್ಮ ಫೈನಲ್ ಗೆದ್ದರೆ ನೋಡೋಣ ಎಂದಳು.

ಹಾಗಾಗಿ ಆ ಫೈನಲ್ ನನಗೆ ಬರೀ ಆಟವಾಗಿರಲಿಲ್ಲ. ಗೆದ್ದರೆ ಕಾಲೇಜು, ಸೋತರೆ ಅಮ್ಮನ ಪಕ್ಕದ ಹೊಲಿಗೆ ಯಂತ್ರ.

ಎದುರಾಳಿಗಳು ಬನಶಂಕರಿ ಕಡೆಯ ಒಂದು ಸಣ್ಣ ಕನ್ನಡ ಶಾಲೆಯ ಹುಡುಗಿಯರು. ಅವರಿಗೆ ಪಿ.ಟಿ. ಟೀಚರೇ ಇರಲಿಲ್ಲ. ಜೊತೆಗೆ ಬಂದಿದ್ದವರು ಸಮಾಜ ವಿಜ್ಞಾನದ ಮೇಷ್ಟ್ರು. ಅವರು ಛತ್ರಿ ಬಿಡಿಸಿಕೊಂಡು ಮರದ ನೆರಳಿನಲ್ಲಿ ಪೇಪರ್ ಓದುತ್ತಿದ್ದರು. ಆದರೂ ಆ ಮಕ್ಕಳು ಸಖತ್ತಾಗಿ ಆಡುತ್ತಿದ್ದರು. ಅಂಪೈರುಗಳು ಇಬ್ಬರು. ಪ್ಲೇಟಿನ ಹಿಂದೆ ಬೇರೆ ಯಾರೋ ಒಬ್ಬ ಸರ್, ಬೇಸುಗಳ ಕಡೆ ನಮ್ಮ ಮಿಸ್. ತಮ್ಮ ಶಾಲೆಯ ಪಂದ್ಯಕ್ಕೆ ತಾವೇ ಅಂಪೈರ್ ಆಗುವುದು ಆಗ ಮಾಮೂಲು, ಏಕೆಂದರೆ ನಮ್ಮ ವಲಯದಲ್ಲಿ ರೂಲ್ ಪೂರ್ತಿ ಗೊತ್ತಿದ್ದವರು ಒಬ್ಬರೋ ಇಬ್ಬರೋ. ಯಾರೂ ಅದನ್ನು ತಪ್ಪೆಂದುಕೊಂಡಿರಲಿಲ್ಲ.

ಕೊನೆಯ ಇನಿಂಗ್ಸ್. ಅವರ ಬ್ಯಾಟಿಂಗ್ ಮುಗಿದಿತ್ತು, ಸ್ಕೋರು ಸಮ, ನಮಗೆ ಒಂದು ರನ್ ಬಂದರೆ ಗೆಲುವು. ನಾನು ಸೆಕೆಂಡ್ ಬೇಸಿನಲ್ಲಿ ನಿಂತಿದ್ದೆ. ಯಡಿಯೂರು ಚೆಂಡನ್ನು ಬಲಗಡೆ ಖಾಲಿ ಜಾಗಕ್ಕೆ ಬಾರಿಸಿದಳು. ನಾನು ಓಡಿದೆ. ಥರ್ಡ್ ಬೇಸಿನ ತಿರುವಿನಲ್ಲಿ ‘ಮನೆಗೆ ಬಾರೇ’ ಎಂದು ನಮ್ಮ ಹುಡುಗಿಯರೆಲ್ಲ ಕಿರುಚುತ್ತಿದ್ದರು. ಕಾಲ ಕೆಳಗೆ ಬೇಸಿನ ಮೆತ್ತೆ ಸಿಗಬೇಕಾದ ಕಡೆ ಮಣ್ಣು ಸಿಕ್ಕ ಹಾಗಾಯಿತು. ನಿಲ್ಲಲಿಲ್ಲ. ಪ್ಲೇಟಿಗೆ ಜಾರಿ ಬಿದ್ದೆ, ರನ್ ಆಯಿತು, ಎಲ್ಲರೂ ನನ್ನ ಮೇಲೆ ಬಿದ್ದರು. ಆ ಕಾಲುಗಳ ಸಂದಿಯಿಂದ ನಾನು ಮಿಸ್ಸನ್ನು ನೋಡಿದೆ. ಥರ್ಡ್ ಬೇಸಿನ ಬಳಿ ನಿಂತಿದ್ದರು. ನಗುತ್ತಿರಲಿಲ್ಲ. ಆಮೇಲೆ ಸೀಟಿ ಊದಿದರು. ಅಷ್ಟೇ, ನಾವು ಗೆದ್ದೆವು.

ಸಂಜೆ ಶಾಲೆಯ ಸ್ಟೋರ್ ರೂಮಿನಲ್ಲಿ ಮಿಸ್ ಒಬ್ಬರೇ ಗ್ಲವ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತೆ. ಅವರನ್ನು ಪ್ರಶ್ನೆ ಕೇಳಬಾರದೆಂಬುದು ಗೊತ್ತಿತ್ತು. ಆದರೂ ಕೇಳಿದೆ. ಧೈರ್ಯದಿಂದಲ್ಲ. ‘ಮುಟ್ಟಿದ್ದೆ ಹೋಗೇ’ ಎಂದು ಬೈಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗುವ ಆಸೆ.

‘ಮಿಸ್, ನಾನು ಥರ್ಡ್ ಬೇಸ್ ಮುಟ್ಟಿದ್ನಾ?’

ಅವರು ತಲೆ ಎತ್ತಲಿಲ್ಲ. ಇನ್ನೊಂದು ಗ್ಲವ್ ಚೀಲಕ್ಕೆ ಹಾಕಿ, ‘ಇಲ್ಲ’ ಎಂದರು. ‘ಒಂದು ಗೇಣು ಒಳಗಡೆಯಿಂದ ಹೋದೆ.’

‘ಮತ್ತೆ ನೀವು ಔಟ್ ಕೊಡ್ಲಿಲ್ಲ?’

‘ಅವರು ಕೇಳ್ಲಿಲ್ಲ.’

ಆಗಲೇ ನನಗೆ ಆ ನಿಯಮ ಗೊತ್ತಾದದ್ದು. ಓಡುವವಳು ಬೇಸ್ ತಪ್ಪಿಸಿದರೆ ಅಂಪೈರ್ ತಾನಾಗಿ ಔಟ್ ಕೊಡುವಂತಿಲ್ಲ. ಕಣ್ಣಾರೆ ಕಂಡರೂ ಸುಮ್ಮನಿರಬೇಕು. ಎದುರಾಳಿ ತಂಡದ ಯಾರಾದರೂ ಚೆಂಡು ಹಿಡಿದು ಆ ಬೇಸ್ ಮುಟ್ಟಿ, ಇವಳು ಇದನ್ನು ಮುಟ್ಟಿಲ್ಲ ಎಂದು ಹೇಳಬೇಕು. ಅದಕ್ಕೆ ಅಪೀಲ್ ಎನ್ನುತ್ತಾರೆ. ಅಪೀಲ್ ಮಾಡಿದರೆ ಔಟು. ಯಾರೂ ಕೇಳದೆ ಎಲ್ಲರೂ ಮೈದಾನ ಬಿಟ್ಟು ಹೋದರೆ ರನ್ ರನ್ನೇ.

‘ಹಾಗಾದ್ರೆ ನಾವು ಗೆದ್ದಿದ್ದು ಸರೀನಾ ಮಿಸ್?’

‘ರೂಲ್ ಪ್ರಕಾರ ಸರಿ’ ಎಂದರು. ಚೀಲಕ್ಕೆ ತುಂಬಿದ್ದ ಗ್ಲವ್‌ಗಳನ್ನೆಲ್ಲ ಮತ್ತೆ ಹೊರಗೆ ತೆಗೆದು ಇನ್ನೊಮ್ಮೆ ತುಂಬತೊಡಗಿದರು. ನಾನು ಮನೆಗೆ ಹೋದೆ. ಅಮ್ಮ ಪಾಯಸ ಮಾಡಿದ್ದಳು.

ವಾರದೊಳಗೆ ಜಿಲ್ಲಾ ತಂಡದ ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರಿತ್ತು. ಆ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಮಿಸ್ ‘ಏ ಸಾರಕ್ಕಿ, ಶೂ ಹಾಕ್ಕೊಂಡು ಗೇಟ್ ಹತ್ರ ಬಾ’ ಎಂದರು. ಏಕೆ ಎಂದು ಕೇಳುವ ಪದ್ಧತಿ ಇರಲಿಲ್ಲವಲ್ಲ, ಹೋದೆ. ಬಸ್ಸು ಹತ್ತಿ ಇಳಿದಾಗ ನೋಡಿದರೆ ಫೈನಲ್ಲಿನಲ್ಲಿ ನಮಗೆ ಸೋತ ಹುಡುಗಿಯರ ಶಾಲೆ. ಹುಡುಗಿಯರು ಸಾಲಾಗಿ ಕೈಕಟ್ಟಿ ನಿಂತಿದ್ದರು. ರೂಲ್ ಹೇಳಿಕೊಡಲು ಬಂದಿದ್ದೇನೆ ಎಂದು ಮಿಸ್ ಅವರಿಗೆ ಹೇಳಿದರು. ರಂಗೋಲಿ ಪುಡಿಯಲ್ಲಿ ಚೌಕ ಎಳೆಸಿದರು. ನನ್ನನ್ನು ಸೆಕೆಂಡ್ ಬೇಸಿಗೆ ಕಳಿಸಿ, ‘ಓಡು. ಥರ್ಡ್ ಮುಟ್ಬೇಡ’ ಎಂದರು.

ಓಡಿದೆ. ಮುಟ್ಟದೆ ಹೋದೆ. ‘ನೋಡಿದ್ರಾ? ಈಗ ಚೆಂಡು ತಗೊಂಡು ಬೇಸ್ ಮುಟ್ಟಿ ಅಂಪೈರಿಗೆ ಹೇಳ್ಬೇಕು. ಹೇಳಿದ್ರೆ ಇವಳು ಔಟು.’ ಮತ್ತೆ ಓಡಿಸಿದರು. ಐದಾರು ಸಲ ಆಯಿತು. ಒಂದೊಂದು ಸಲವೂ ಒಬ್ಬೊಬ್ಬ ಹುಡುಗಿ ಅಪೀಲ್ ಮಾಡುವುದು, ಮಿಸ್ ಮುಷ್ಟಿ ಎತ್ತಿ ನನಗೆ ಔಟ್ ಕೊಡುವುದು. ನಾನು ಗೆದ್ದ ಆ ಒಂದೇ ರನ್ನನ್ನು ಅವರೆದುರಿಗೆ ಆರು ಸಲ ಬಿಚ್ಚಿ ತೋರಿಸಿದ ಹಾಗಿತ್ತು.

ಫೈನಲ್ಲಿನಲ್ಲಿ ಥರ್ಡ್ ಬೇಸಿನಲ್ಲಿ ಆಡಿದ್ದವಳು ಒಂಬತ್ತನೇ ತರಗತಿಯ ಹುಡುಗಿ, ಎರಡು ಉದ್ದ ಜಡೆ, ಸಣ್ಣ ದನಿ. ಅವಳ ಸರದಿ ಬಂದಾಗ ಅವಳು ಚೆಂಡು ಹಿಡಿದು ನಿಂತಳೇ ಹೊರತು ಬೇಸ್ ಮುಟ್ಟಲಿಲ್ಲ. ನನ್ನ ಕಡೆ ನೋಡಿ ಕೇಳಿದಳು.

‘ಅಕ್ಕ, ಅವತ್ತು ಫೈನಲ್ಲಲ್ಲೂ ನೀವು ಮುಟ್ಟಿರ್ಲಿಲ್ಲ ಅಲ್ವಾ?’

ನಾನು ಮಿಸ್ ಕಡೆ ನೋಡಿದೆ. ‘ನಿನ್ನನ್ನ ತಾನೇ ಕೇಳ್ತಿರೋದು’ ಎಂದರು.

‘ಇಲ್ಲ. ಮುಟ್ಟಿರ್ಲಿಲ್ಲ.’

‘ನಂಗೊತ್ತು ಅಕ್ಕ. ನಾನು ಅಲ್ಲೇ ಇದ್ನಲ್ಲ, ನೋಡ್ದೆ. ಮಿಸ್‌ಗೆ ಹೇಳಣ ಅಂತ ಎರಡು ಹೆಜ್ಜೆ ಬಂದೂ ಬಂದೆ. ಮಿಸ್ ಗುರಾಯಿಸಿದ್ರು.’ ಅವಳ ತಲೆ ಕೆಳಗೆ ಹೋಯಿತು. ‘ಟೀಚರ್ಗೆ ಎದುರು ಮಾತಾಡ್ಬಾರ್ದು ಅಂತ ಸುಮ್ನಾಗ್ಬಿಟ್ಟೆ.’

ಯಾರೋ ಒಬ್ಬಳು ಮುಜುಗರಕ್ಕೆ ಕಿಸಕ್ಕೆಂದು ನಕ್ಕಳು. ಮಿಸ್ ಈಗ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೊರಳಿನ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಆ ಹುಡುಗಿಯ ಎದುರಿಗೆ ಹೋಗಿ ನಿಂತರು.

‘ಹೌದು ಕಣಮ್ಮ’ ಎಂದರು. ‘ನೀನು ಬಂದಿದ್ದು ನೋಡ್ದೆ. ಏನು ಹೇಳಕ್ಕೆ ಬರ್ತಿದೀಯ ಅಂತಾನೂ ಗೊತ್ತಾಯ್ತು. ನಮ್ಮ ಹುಡುಗೀರು ಗೆದ್ರಲ್ಲ ಅಂತ ಕಣ್ಣು ಬಿಟ್ಟೆ. ಕಣ್ಣು ಬಿಟ್ರೆ ನೀನು ಹಿಂದಕ್ಕೆ ಹೋಗ್ತೀಯ ಅಂತ ಗೊತ್ತಿದ್ದೇ ಬಿಟ್ಟೆ. ತಪ್ಪು ನಂದು.’

ನಮ್ಮ ಕಡೆ ಒಬ್ಬ ಟೀಚರ್ ಮಕ್ಕಳ ಮುಂದೆ ತಪ್ಪು ನನ್ನದು ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಹೆಚ್ಚು ಕೇಳಿಲ್ಲ. ಆ ಹುಡುಗಿಗೆ ಏನು ಮಾಡಬೇಕೆಂದು ತಿಳಿಯದೆ ಅಳು ಬಂತು. ‘ಅಳ್ಬೇಡ. ಇನ್ಮೇಲೆ ಯಾವ ಅಂಪೈರ್ ಗುರಾಯಿಸಿದ್ರೂ ಕೇಳು, ನಾನಾದ್ರೂ ಸರಿ’ ಎಂದು ಮಿಸ್ ಅವಳ ಜಡೆಯನ್ನು ಹಿಡಿದು ಒಮ್ಮೆ ಜಗ್ಗಿದರು. ಅದು ಅವರ ಪ್ರೀತಿ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕ ಕೂತಿದ್ದೆವು. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

‘ಸೋಮವಾರ ವಲಯದ ಕ್ರೀಡಾ ಕಮಿಟಿಗೆ ಬರೆದು ಕೊಡ್ತೀನಿ. ನಡೆದಿದ್ದು ನಡೆದಂಗೆ.’

ನಾನು ಅವರ ಕಡೆ ತಿರುಗಿದೆ. ‘ಬರೀಬೇಡಿ ಮಿಸ್. ರಿಸಲ್ಟ್ ಚೇಂಜ್ ಆದ್ರೆ ನನ್ನ ಸೀಟು ಹೋಗತ್ತೆ.’

‘ಹೋಗ್ಬಹುದು.’

‘ಪ್ಲೀಸ್ ಮಿಸ್. ಅವರಿಗೆ ಹೇಳಿದ್ರಲ್ಲ, ಸಾಕಲ್ವಾ? ನಿಮ್ಮ ಕಾಲಿಗೆ ಬೀಳ್ತೀನಿ.’ ಅಳುತ್ತ ಅವರ ಸೆರಗು ಹಿಡಿದುಕೊಂಡಿದ್ದೆ. ಬಸ್ಸಿನವರು ತಿರುಗಿ ನೋಡುತ್ತಿದ್ದರು.

‘ಸಾಕಾಗಲ್ಲ ಕಣೆ’ ಎಂದರು. ಅಷ್ಟೇ.

ನನ್ನ ಸಿಟ್ಟು ನೆತ್ತಿಗೇರಿತು. ‘ನಿಮಗೇನು ಮಿಸ್, ಕೆಲಸ ಇದೆ. ಹೊಲಿಗೆ ಮಿಷನ್ ಮುಂದೆ ಕೂರೋಳು ನಾನು’ ಎಂದೆ. ಮುಂದಿನ ಸ್ಟಾಪಿನಲ್ಲಿ, ಮನೆ ಇನ್ನೂ ದೂರವಿದ್ದರೂ, ಇಳಿದುಬಿಟ್ಟೆ.

ಮುಂದಿನ ಹತ್ತು ಹನ್ನೆರಡು ದಿನ ನಾನು ಮೈದಾನಕ್ಕೆ ಕಾಲಿಡಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಅಮ್ಮ ಬಂದವರಿಗೆಲ್ಲ ಮಗಳು ಜಿಲ್ಲಾ ಟೀಮು ಎನ್ನುತ್ತಿದ್ದರೆ ಒಳಗೆ ಹೋಗಿ ಕೂರುತ್ತಿದ್ದೆ. ಮಿಸ್ ಬರೆದುಕೊಟ್ಟಿದ್ದರು, ಕಮಿಟಿಯವರು ಕರೆಸಿಯೂ ಇದ್ದರು. ಕೊನೆಗೆ ತೀರ್ಮಾನ ಬಂತು. ಅಪೀಲ್ ಆಗದ ರನ್ನನ್ನು ಈಗ ಅಳಿಸಲು ನಿಯಮದಲ್ಲಿ ಅವಕಾಶವಿಲ್ಲ, ಫಲಿತಾಂಶವೂ ತಂಡದ ಪಟ್ಟಿಯೂ ಹಾಗೆಯೇ ಇರುತ್ತವೆ. ಇನ್ನುಮುಂದೆ ಯಾವ ಟೀಚರೂ ತಮ್ಮ ಶಾಲೆಯ ಪಂದ್ಯಕ್ಕೆ ಅಂಪೈರ್ ಆಗುವಂತಿಲ್ಲ. ಮತ್ತೆ, ನಮ್ಮ ಮಿಸ್ ಒಂದು ವರ್ಷ ಯಾವ ಪಂದ್ಯಕ್ಕೂ ಅಂಪೈರ್ ಆಗುವಂತಿಲ್ಲ. ಕೇಳಿ ನನಗಾದದ್ದು ಸಂತೋಷ, ಅದನ್ನು ಈಗ ಮುಚ್ಚಿಡುವುದಿಲ್ಲ. ಸಂತೋಷ ಇಳಿದ ಮೇಲೆ ನಾಚಿಕೆಯಾಯಿತು, ಮತ್ತೆ ಅದು ಪೂರ್ತಿ ಹೋಗಲೇ ಇಲ್ಲ.

ಮಿಸ್ ಅಂಪೈರ್ ಆಗಿ ನಿಲ್ಲದ ಆ ವರ್ಷ ಪ್ರತಿ ಶನಿವಾರ ಬಸ್ಸು ಹತ್ತಿ ಆ ಶಾಲೆಗೆ ಹೋಗಿ ಕಲಿಸಿದರು. ಮರುವರ್ಷ ಫೈನಲ್ಲಿನಲ್ಲಿ ಆ ಶಾಲೆ ನಮ್ಮ ಶಾಲೆಯನ್ನು ಸೋಲಿಸಿತು. ಜಡೆ ಹುಡುಗಿ ಎರಡು ಸಲ ಅಪೀಲ್ ಮಾಡಿದಳಂತೆ, ಒಂದು ಸರಿ, ಒಂದು ತಪ್ಪು. ನಮ್ಮ ಮಿಸ್ ಎದ್ದು ನಿಂತು ಚಪ್ಪಾಳೆ ತಟ್ಟಿದರೆಂದು ನಮ್ಮ ಹೆಡ್‌ಮಿಸ್ ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದರು. ಮುಂದೆ ನಾನೂ ಆ ಹುಡುಗಿಯೂ ಕಾಲೇಜು ತಂಡದಲ್ಲಿ ಜೊತೆಯಾಗಿ ಆಡಿದೆವು. ಉಳಿದವರಿಗೆಲ್ಲ ಮೆಲ್ಲಗೆ ಚೆಂಡು ಎಸೆಯುತ್ತಿದ್ದವಳು ನನಗೆ ಮಾತ್ರ ಅಂಗೈ ಉರಿಯುವ ಹಾಗೆ ಎಸೆಯುತ್ತಿದ್ದಳು. ನಾನು ಒಂದು ದಿನವೂ ಏಕೆಂದು ಕೇಳಲಿಲ್ಲ.

ಅಂಪೈರಿಂಗಿಗೆ ಮರಳಿದ ಮೇಲೆ ಮಿಸ್ ಹೊಸದೊಂದು ಅಭ್ಯಾಸ ಮಾಡಿಕೊಂಡರು. ಪಂದ್ಯ ಶುರುವಾಗುವ ಮುಂಚೆ ಎರಡೂ ತಂಡಗಳ ಹತ್ತಿರ ಹೋಗಿ, ‘ಕೇಳ್ಬೇಕು ಅನ್ಸಿದ್ದು ಕೇಳಿ. ನಾನು ಬೈಯಲ್ಲ’ ಎನ್ನುತ್ತಿದ್ದರು. ಅದೊಂದು ಮಾತು ಮಾತ್ರ ಅವರಿಗೆ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಕೇಳಿದವರಿಗೆ ಮೊದಲು ಸರಿಯಾದ ಉತ್ತರ, ಆಮೇಲೆ ಇಷ್ಟು ಹೊತ್ತು ಯಾಕೆ ಕೇಳಲಿಲ್ಲವೆಂದು ಬೈಗುಳ.

ನನಗೆ ಸೀಟು ಸಿಕ್ಕಿತು, ಡಿಗ್ರಿ ಆಯಿತು, ಕ್ರೀಡಾ ಕೋಟಾದಲ್ಲೇ ಸರ್ಕಾರಿ ಕೆಲಸವೂ ಆಯಿತು. ಮಿಸ್ಸನ್ನು ಆಗಾಗ ನೋಡುತ್ತಿದ್ದೆ. ಬಸ್ಸಿನಲ್ಲಿ ಆಡಿದ ಮಾತಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಿಟೈರ್ ಆದ ಮೇಲೆ ಅವರು ಅಂಜನಾಪುರದಲ್ಲಿ ತಂಗಿಯ ಮನೆಯ ಮಹಡಿಯಲ್ಲಿದ್ದರು. ಮೈ ಸರಿಯಿಲ್ಲವೆಂದು ಗೊತ್ತಾಗಿ, ತೀರಿಕೊಳ್ಳುವ ಎರಡು ತಿಂಗಳ ಮುಂಚೆ ಒಂದು ಭಾನುವಾರ ಮೆಟ್ರೊ ಹತ್ತಿ ಹೋದೆ. ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿಯೇ ಬರುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ನಿಮ್ಮಿಂದ ಓದಿದೆ ಮಿಸ್, ನಿಮ್ಮಿಂದ ಬದುಕಿದೆ, ಥ್ಯಾಂಕ್ಸ್. ಇಷ್ಟೇ.

ದಿಂಬಿಗೆ ಒರಗಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ವಿಭೂತಿ ಮಾತ್ರ ಹಾಗೇ ಇತ್ತು. ‘ಏನೇ ಸಾರಕ್ಕಿ, ದಪ್ಪ ಆಗಿದೀಯ’ ಎಂದು ಶುರುಮಾಡಿದರು. ತಂಗಿ ಕಾಫಿ ತಂದಿಟ್ಟು ಒಳಗೆ ಹೋದ ಮೇಲೆ ನಾನು ಬಾಯಿ ತೆಗೆದೆ.

‘ಮಿಸ್, ಅವತ್ತು ಬಸ್ಸಲ್ಲಿ ನಾನು ಅಂಥ ಮಾತು ಆಡ್ಬಾರ್ದಿತ್ತು. ನಿಮಗೇನು ಕೆಲಸ ಇದೆ ಅಂದ್ಬಿಟ್ಟೆ.’

‘ಸರಿಯಾಗೇ ಅಂದೆ. ಕೆಲಸ ಇತ್ತಲ್ಲ ನಂಗೆ.’

‘ಬರೀಬೇಡಿ ಅಂತ ಅತ್ತೆ.’

‘ಹದಿನೈದು ವರ್ಷದ ಹುಡುಗಿ, ಅಳದೆ ಇನ್ನೇನ್ ಮಾಡ್ತೀಯ? ಆ ಸೆರಗು ಹರಿದಿತ್ತು, ಅದಕ್ಕೆ ಬೇಕಾದ್ರೆ ಕ್ಷಮೆ ಕೇಳು.’

ನಕ್ಕೆ. ಅವರು ನಗಲಿಲ್ಲ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ಒಂದು ಮಾತು ಕೇಳು’ ಎಂದರು. ‘ಅವತ್ತು ಸಾಯಂಕಾಲ ಸ್ಟೋರ್ ರೂಮಿಗೆ ಬಂದು, ಮುಟ್ಟಿದ್ನಾ ಅಂತ ನೀನು ಕೇಳದೆ ಹೋಗಿದ್ರೆ ನಾನು ಯಾರ್ಗೂ ಹೇಳ್ತಿರ್ಲಿಲ್ಲ. ಆ ಮಗೂನ ಗುರಾಯಿಸಿದ್ದು ಒಂದು ವಾರಕ್ಕೆ ನಂಗೇ ಮರ್ತು ಹೋಗ್ತಿತ್ತು. ಹಂಗೇ ರಿಟೈರಾಗಿ, ಹಾರ ಹಾಕಿಸ್ಕೊಂಡು, ಬಾಳಾ ಒಳ್ಳೆ ಟೀಚರ್ ಅಂತ ಅನ್ನಿಸ್ಕೊಂಡು ಮನೆಗೆ ಬರ್ತಿದ್ದೆ. ಅಷ್ಟು ವರ್ಷದಲ್ಲಿ ನನ್ನ ಮೇಲೆ ಅಪೀಲ್ ಮಾಡಿದೋಳು ನೀನೊಬ್ಬಳೇ ಕಣೆ. ಥ್ಯಾಂಕ್ಸ್.’

ಅವರ ಬಾಯಿಂದ ಆ ಮಾತನ್ನು ಯಾವ ಹುಡುಗಿಯೂ ಕೇಳಿರಲಾರಳು. ನಾನು ಬಾಯಿಪಾಠ ಮಾಡಿಕೊಂಡು ಬಂದದ್ದೂ ಅದೇ ಮಾತು. ಲೋಟ ತೊಳೆದಿಟ್ಟು, ಬರ್ತೀನಿ ಮಿಸ್ ಎಂದಷ್ಟೇ ಹೇಳಿ ಮೆಟ್ಟಿಲು ಇಳಿದೆ.